ವಾದದ ದೌರ್ಬಲ್ಯವನ್ನು ಗುರುತಿಸುವ ಬಗೆ: ಕಿತ್ತೂರಿನ ದತ್ತಕ ಪ್ರಕರಣದ ಹಿನ್ನೆಲೆಯಲ್ಲಿ

ಕಾನೂನು ವ್ಯಾಸಂಗದ ಪ್ರವೇಶ ಪರೀಕ್ಷೆಗಳಲ್ಲಿ ತಾರ್ಕಿಕ ವಿವೇಚನೆಯ ಪ್ರಶ್ನೆಗಳಿಗೆ ವಿಶಿಷ್ಟ ಸ್ಥಾನವಿದೆ. ಅಮೆರಿಕದಲ್ಲಿ 1948 ರಿಂದ ನಡೆಯುತ್ತಿರುವ ಎಲ್‌ಸ್ಯಾಟ್ ಪರೀಕ್ಷೆಯಲ್ಲಿಯೂ ಭಾರತದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕಾಗಿ 2008 ರಲ್ಲಿ ಆರಂಭವಾದ ಕ್ಲಾಟ್ ಪರೀಕ್ಷೆಯಲ್ಲಿಯೂ ಒಂದು ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಒಂದು ಪುಟ್ಟ ವಾದವನ್ನು ಕೊಟ್ಟು, ಕೆಳಗಿನ ಹೇಳಿಕೆಗಳಲ್ಲಿ ಯಾವುದು ನಿಜವಾಗಿದ್ದರೆ ಈ ವಾದ ಹೆಚ್ಚು ದುರ್ಬಲವಾಗುತ್ತದೆ ಎಂದು ಕೇಳಲಾಗುತ್ತದೆ. ಇಲ್ಲಿ ‘ನಿಜವಾಗಿದ್ದರೆ’ ಎಂಬ ಮಾತು ಮುಖ್ಯವಾದುದು. ಹೇಳಿಕೆ ನಿಜವೇ ಎಂಬುದನ್ನು ವಿದ್ಯಾರ್ಥಿ ಪರಿಶೀಲಿಸಬೇಕಾಗಿಲ್ಲ. ಅದನ್ನು ಒಪ್ಪಿಕೊಂಡ ಮೇಲೆ ವಾದದ ಯಾವ ಕೊಂಡಿ ಸಡಿಲವಾಗುತ್ತದೆ ಎಂಬುದನ್ನಷ್ಟೇ ನೋಡಬೇಕು. ದುರ್ಬಲಗೊಳಿಸುವುದೆಂದರೆ ಖಂಡಿಸುವುದಲ್ಲ. ನಿರ್ಣಯ ಸುಳ್ಳೆಂದು ಸಾಧಿಸದೆಯೇ, ಕೊಟ್ಟ ಕಾರಣದಿಂದ ಅದು ಹೊರಡುವುದಿಲ್ಲವೆಂದು ತೋರಿಸಿದರೆ ಸಾಕು. ಕನ್ನಡ ಸಂಶೋಧನೆಗೂ ಅಗತ್ಯವಾದ ಈ ವಿವೇಕವನ್ನು ಕಿತ್ತೂರಿನ ದತ್ತಕ ಪ್ರಕರಣದ ಮೂಲಕ ವಿಶದಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಬಗೆಯ ಪ್ರಶ್ನೆ ಭಾರತೀಯ ತರ್ಕಪರಂಪರೆಗೆ ಹೊಸದಲ್ಲ. ನ್ಯಾಯಶಾಸ್ತ್ರದ ಪ್ರಕಾರ ಹೇತುವಿನಿಂದ ಸಾಧ್ಯಕ್ಕೆ ಹೋಗುವ ದಾರಿ ವ್ಯಾಪ್ತಿ. ವಾದದಲ್ಲಿ ಅದು ಬಾಯಿಬಿಟ್ಟು ಹೇಳದೆ ಉಳಿಯುವುದೇ ಹೆಚ್ಚು. ವಾದವನ್ನು ಸಡಿಲಗೊಳಿಸಲು ಮುಖ್ಯವಾಗಿ ಮೂರು ಮಾರ್ಗಗಳಿವೆ. ಹೇತುವೇ ಸ್ಥಾಪಿತವಾಗಿಲ್ಲವೆಂದು ತೋರಿಸುವುದು ಅಸಿದ್ಧಿ. ಹೇತುವಿದ್ದೂ ಸಾಧ್ಯವಿಲ್ಲದ ನಿದರ್ಶನವನ್ನು ಕೊಡುವುದು ವ್ಯಭಿಚಾರ. ಹೇತು ತಾನಾಗಿಯೇ ಅಲ್ಲ, ಬೇರೊಂದರ ಜೊತೆ ಸೇರಿದಾಗ ಮಾತ್ರ ಸಾಧ್ಯವನ್ನು ಸಾಧಿಸುತ್ತದೆಂದು ಹೇಳುವುದು ಉಪಾಧಿ. ಬೆಂಕಿಯಿರುವಲ್ಲೆಲ್ಲ ಹೊಗೆಯಿದೆ ಎಂಬ ವಾದಕ್ಕೆ ಕಾದ ಕಬ್ಬಿಣದ ಗುಂಡು ವ್ಯಭಿಚಾರದ ನಿದರ್ಶನ. ಹೊಗೆಗೆ ಹಸಿ ಸೌದೆಯ ಸಂಪರ್ಕ ಬೇಕೆನ್ನುವುದು ಉಪಾಧಿ. ಪರೀಕ್ಷೆಯ ಪ್ರಶ್ನೆಗಳು ಬಹುಪಾಲು ಕೊನೆಯ ಎರಡು ಮಾರ್ಗಗಳನ್ನು ಅವಲಂಬಿಸಿವೆ.

ಕಿತ್ತೂರಿನ ಸಂಗತಿ ಸುಪರಿಚಿತವಾದುದು. 1818 ರಲ್ಲಿ ಕಂಪನಿ ಸರ್ಕಾರವು 1,75,000 ರೂಪಾಯಿಗಳ ವಾರ್ಷಿಕ ಕಪ್ಪದ ಮೇಲೆ ಸಂಸ್ಥಾನವನ್ನು ದೇಸಾಯಿ ಮನೆತನಕ್ಕೆ ಮುಂದುವರಿಸಿತು. ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ 1824 ರ ಸೆಪ್ಟೆಂಬರ್ 11 ರಂದು ಸಂತಾನವಿಲ್ಲದೆ ತೀರಿಕೊಂಡ. ಮಾಸ್ತಮರಡಿಯ ಗೌಡರ ಮನೆತನದ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಳ್ಳಲಾಗಿದೆಯೆಂದು ಧಾರವಾಡದ ಕಲೆಕ್ಟರ್ ಹಾಗೂ ಪೊಲಿಟಿಕಲ್ ಏಜೆಂಟ್ ಥ್ಯಾಕರೆಗೆ ತಿಳಿಸಲಾಯಿತು. ಪತ್ರದ ಮೇಲಿನ ರುಜುವನ್ನು ಆತ ಶಂಕಿಸಿದ. ದತ್ತಕಕ್ಕೆ ಮನ್ನಣೆ ದೊರೆಯಲಿಲ್ಲ. ಅಕ್ಟೋಬರ್ 23 ರ ಕಾಳಗದಲ್ಲಿ ಥ್ಯಾಕರೆ ಮಡಿದ. ಡಿಸೆಂಬರ್‌ನಲ್ಲಿ ಕೋಟೆ ಕಂಪನಿಯ ವಶವಾಯಿತು. ಸೆರೆಸಿಕ್ಕ ಚೆನ್ನಮ್ಮ ಬೈಲಹೊಂಗಲದಲ್ಲಿ 1829 ರ ಫೆಬ್ರವರಿಯಲ್ಲಿ ನಿಧನಳಾದಳು.

ಕಂಪನಿಯ ನಿಲುವನ್ನು ವಾದದ ರೂಪಕ್ಕೆ ತಂದರೆ ಅದು ಹೀಗಿರುತ್ತದೆ: ದತ್ತಕವು ದೇಸಾಯಿಯ ಜೀವಿತಕಾಲದಲ್ಲಿ ನಡೆದುದಕ್ಕೆ ನಂಬಲರ್ಹ ಪ್ರಮಾಣವಿಲ್ಲ; ಸರ್ಕಾರದ ಪೂರ್ವಾನುಮತಿಯೂ ಇಲ್ಲ; ಆದ್ದರಿಂದ ಸಂಸ್ಥಾನಕ್ಕೆ ವಾರಸುದಾರನಿಲ್ಲ. ಈ ವಾದದ ಎದುರು ಕೆಲವು ಹೇಳಿಕೆಗಳನ್ನಿಟ್ಟು ಪರೀಕ್ಷಿಸಬಹುದು.

ಮೊದಲನೆಯದು, ಚೆನ್ನಮ್ಮ ಅಸಾಧಾರಣ ಧೈರ್ಯಶಾಲಿಯಾಗಿದ್ದಳು, ಪ್ರಜೆಗಳು ಅವಳ ಬೆನ್ನಿಗಿದ್ದರು ಎಂಬುದು. ಇದು ನಿಜ, ಆದರೆ ವಾರಸುದಾರಿಕೆಯ ವಾದವನ್ನು ಇದು ಮುಟ್ಟುವುದಿಲ್ಲ. ಎರಡನೆಯದು, ಥ್ಯಾಕರೆಯ ಕಣ್ಣು ಕಿತ್ತೂರಿನ ಖಜಾನೆಯ ಮೇಲಿತ್ತು ಎಂಬುದು. ಇದು ವಾದಿಯ ಉದ್ದೇಶವನ್ನು ಕುರಿತದ್ದು. ದುರುದ್ದೇಶವುಳ್ಳವನು ಮಂಡಿಸಿದ ವಾದವೂ ಸರಿಯಾಗಿರಬಹುದು. ಇಂಥ ಹೇಳಿಕೆ ಸಾಕ್ಷ್ಯದ ವಿಶ್ವಾಸಾರ್ಹತೆಯನ್ನು ಪ್ರಶ್ನಿಸಲು ನೆರವಾದೀತು, ವ್ಯಾಪ್ತಿಯನ್ನು ಅಲುಗಿಸಲಾರದು.

ಮೂರನೆಯದು, ಪತ್ರದ ರುಜು ದೇಸಾಯಿಯದೇ ಎಂಬುದು. ಇದು ನಿಜವಾದರೆ ಮೊದಲ ಹೇತು ಅಸಿದ್ಧವಾಗುತ್ತದೆ. ಆದರೆ ಪೂರ್ವಾನುಮತಿಯ ಹೇತು ಹಾಗೆಯೇ ಉಳಿಯುತ್ತದೆ. ಆದುದರಿಂದ ಚರ್ಚೆಯೆಲ್ಲವೂ ರುಜುವಿನ ಸತ್ಯಾಸತ್ಯತೆಯ ಸುತ್ತಲೇ ನಡೆದರೆ ವಾದದ ಅರ್ಧಭಾಗಕ್ಕೆ ಮಾತ್ರ ಉತ್ತರ ಕೊಟ್ಟಂತಾಗುತ್ತದೆ.

ನಾಲ್ಕನೆಯದು, ಪತಿಯ ಮರಣಾನಂತರ ವಿಧವೆ ಮಾಡಿಕೊಂಡ ದತ್ತಕವೂ ಸಿಂಧು ಎಂಬುದು. ಪತಿಯ ಅಪ್ಪಣೆಯಾಗಲಿ ಜ್ಞಾತಿಗಳ ಸಮ್ಮತಿಯಾಗಲಿ ಇಲ್ಲದೆ ವಿಧವೆ ದತ್ತಕ ತೆಗೆದುಕೊಳ್ಳಬಹುದೆಂದು ಮರಾಠಾ ಪ್ರದೇಶಕ್ಕೆ ಸಂಬಂಧಿಸಿ ಮುಂಬಯಿ ಉಚ್ಚ ನ್ಯಾಯಾಲಯ 1868 ರಲ್ಲಿ ರಖಮಾಬಾಯಿ ಮತ್ತು ರಾಧಾಬಾಯಿ ನಡುವಿನ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಈ ಪದ್ಧತಿ 1824 ರಲ್ಲಿಯೂ ಇದ್ದಿತೆಂದು ಒಪ್ಪಿದರೆ, ರುಜು ಖೋಟಾ ಎಂಬ ಆರೋಪ ನಿಜವಾಗಿದ್ದರೂ ‘ವಾರಸುದಾರನಿಲ್ಲ’ ಎಂಬ ನಿರ್ಣಯ ಅದರಿಂದ ಹೊರಡುವುದಿಲ್ಲ. ಎದುರಾಳಿಯ ಸಂಗತಿಯನ್ನು ಅಲ್ಲಗಳೆಯದೆಯೇ ಅವನ ಕೊಂಡಿಯನ್ನು ಕಳಚುವ ಈ ಹೇಳಿಕೆ ಮೊದಲಿನ ಮೂರಕ್ಕಿಂತ ಬಲವಾದುದು. ಆದರೆ ಇಲ್ಲಿ ಒಂದು ಎಚ್ಚರ ಅಗತ್ಯ: ಈ ಅಧಿಕಾರ ಸಲ್ಲುವುದು ಕೊನೆಯ ದೇಸಾಯಿಯ ವಿಧವೆ ವೀರಮ್ಮನಿಗೆ, ಮಲ್ಲಸರ್ಜನ ರಾಣಿಯಾದ ಚೆನ್ನಮ್ಮನಿಗಲ್ಲ.

ಐದನೆಯದು ಗ್ವಾಲಿಯರದ ನಿದರ್ಶನ. 1827 ರಲ್ಲಿ ದೌಲತರಾವ್ ಸಿಂಧಿಯಾ ದತ್ತಕ ಮಾಡಿಕೊಳ್ಳದೆಯೇ ತೀರಿಕೊಂಡ. ಬಳಿಕ ವಿಧವೆ ಬಾಯಜಾಬಾಯಿ ಜನಕೋಜಿರಾವನನ್ನು ದತ್ತಕ ತೆಗೆದುಕೊಂಡಳು; ಕಂಪನಿ ಮನ್ನಣೆ ಕೊಟ್ಟಿತು. ಮರಣಾನಂತರದ ದತ್ತಕದಿಂದ ರಾಜ್ಯಾಧಿಕಾರ ಬಾರದು ಎಂಬ ವ್ಯಾಪ್ತಿಗೆ ಇದು ನೇರವಾದ ವ್ಯಭಿಚಾರ. ಇದಕ್ಕೆ ಪ್ರತಿಯಾಗಿ, ಗ್ವಾಲಿಯರ ಪ್ರಬಲ ರಾಜ್ಯ, ಕಿತ್ತೂರು ಕಪ್ಪ ಕೊಡುವ ಸಂಸ್ಥಾನ ಎಂದು ಕಂಪನಿಯ ಪಕ್ಷದವರು ಹೇಳಬಹುದು. ಹಾಗೆ ಹೇಳಿದೊಡನೆ ಉಪಾಧಿ ಬಯಲಾಗುತ್ತದೆ. ನಿರ್ಣಯವನ್ನು ಎತ್ತಿಹಿಡಿದುದು ದತ್ತಕದ ದೋಷವಲ್ಲ, ಸಂಸ್ಥಾನದ ಅಧೀನ ಸ್ಥಿತಿ ಎಂಬುದು ಸ್ಪಷ್ಟವಾಗುತ್ತದೆ. ಸ್ವಂತ ಆಸ್ತಿಗೆ ದತ್ತಕ ಸಲ್ಲುತ್ತದೆ, ರಾಜ್ಯಾಧಿಕಾರಕ್ಕೆ ಸಲ್ಲುವುದಿಲ್ಲ ಎಂಬ ಭೇದವನ್ನು 1848 ರಲ್ಲಿ ಸಾತಾರೆಯ ವಿಷಯದಲ್ಲಿ ಡಾಲ್‌ಹೌಸಿ ಮುಂದಿಟ್ಟುದನ್ನೂ ಇಲ್ಲಿ ನೆನೆಯಬಹುದು.

ಈ ಪ್ರಶ್ನೆ ಕಿತ್ತೂರಿಗೆ ಮುಗಿಯಲಿಲ್ಲ. ನರಗುಂದ ಮತ್ತು ರಾಮದುರ್ಗಗಳು ಒಂದೇ ಭಾವೆ ಮನೆತನದ ಎರಡು ಶಾಖೆಗಳು. ನರಗುಂದದ ಬಾಬಾಸಾಹೇಬನಿಗೆ ದತ್ತಕದ ಅನುಮತಿ ದೊರೆಯಲಿಲ್ಲ. ಕಟಕೋಳದಂತೆ ಇಂದು ರಾಮದುರ್ಗ ತಾಲ್ಲೂಕಿಗೆ ಸೇರಿರುವ ಸುರೇಬಾನದಲ್ಲಿ 1858 ರ ಮೇ 29 ರ ರಾತ್ರಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಹತ್ಯೆಯಾಯಿತು. ಜೂನ್ 12 ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. ರಾಮದುರ್ಗಕ್ಕೆ ಮುಂದೆ ದತ್ತಕದ ಸನದು ದೊರೆಯಿತು. ಸಂಸ್ಥಾನ 1948 ರ ವಿಲೀನದವರೆಗೆ ಉಳಿಯಿತು. ಒಂದೇ ಮನೆತನ, ಒಂದೇ ಧರ್ಮಶಾಸ್ತ್ರ, ಫಲ ಮಾತ್ರ ಭಿನ್ನ. ಆದ್ದರಿಂದ ಭೇದದ ಕಾರಣವನ್ನು ಶಾಸ್ತ್ರದಲ್ಲಲ್ಲ, ಸರ್ಕಾರದ ನೀತಿಯಲ್ಲಿ ಹುಡುಕಬೇಕಾಗುತ್ತದೆ. ಆದರೂ ರಾಮದುರ್ಗದ ಸನದು 1857 ರ ದಂಗೆಯ ನಂತರ ಬದಲಾದ ನೀತಿಯ ಫಲ. ಅದೊಂದರಿಂದಲೇ 1824 ರ ನಿರಾಕರಣೆ ಅಕ್ರಮವೆಂದು ಸಾಧಿಸಹೊರಟರೆ ಆ ವಾದವೂ ಅಷ್ಟೇ ಸುಲಭವಾಗಿ ದುರ್ಬಲವಾಗುತ್ತದೆ.

ಒಟ್ಟಿನಲ್ಲಿ, ಕಿತ್ತೂರಿನ ಪಕ್ಷ ಬಲವಾಗುವುದು ವೀರಗುಣದ ವರ್ಣನೆಯಿಂದಲ್ಲ, ರುಜುವಿನ ಸಮರ್ಥನೆಯೊಂದರಿಂದಲೂ ಅಲ್ಲ. ರುಜು ಯಾರದೇ ಆಗಿರಲಿ, ಕಂಪನಿಯ ನಿರ್ಣಯಕ್ಕೆ ಆಧಾರವಾದುದು ಹಿಂದೂ ಧರ್ಮಶಾಸ್ತ್ರವಲ್ಲ, ಅನುಮತಿ ಕೊಡುವ ಅಧಿಕಾರ ತನ್ನದೆಂಬ ಹೇಳದೆ ಉಳಿದ ಗ್ರಹಿಕೆ ಎಂದು ತೋರಿಸುವುದರಿಂದ ಅದು ಬಲವಾಗುತ್ತದೆ. ಅಭಿಮಾನದ ಮಾತನ್ನೂ ವಾದದ ಮಾತನ್ನೂ ಬೇರ್ಪಡಿಸಿ ನೋಡುವುದರಿಂದ ಚೆನ್ನಮ್ಮನ ಹೋರಾಟದ ಘನತೆ ಕುಗ್ಗುವುದಿಲ್ಲ. ಆಕೆ ಎದುರಿಸಿದ ಅನ್ಯಾಯದ ಸ್ವರೂಪ ಇನ್ನಷ್ಟು ನಿಖರವಾಗುತ್ತದೆ. ಪ್ರವೇಶ ಪರೀಕ್ಷೆಯ ವಿದ್ಯಾರ್ಥಿಗೆ ಕೆಲವು ಅಂಕಗಳನ್ನು ತಂದುಕೊಡುವ ಈ ಅಭ್ಯಾಸ, ಶಾಸನದ ಕಾಲ, ಕವಿಯ ಸ್ಥಳ, ಕೃತಿಯ ಕರ್ತೃತ್ವಗಳನ್ನು ಕುರಿತು ನಿತ್ಯವೂ ವಾದ ಹೂಡುವ ಕನ್ನಡ ಸಂಶೋಧಕನಿಗೆ ಅನಿವಾರ್ಯವಾದ ಶಿಸ್ತು.