ನಗರದ ನಿತ್ಯಜೀವನ ಮತ್ತು ಛಾಯಾಚಿತ್ರ: ಪುಣೆಯ ಶಿವಾಜಿನಗರವನ್ನು ಕುರಿತು

ಪ್ರಾಚೀನ ಕನ್ನಡ ಕಾವ್ಯಪರಂಪರೆಯಲ್ಲಿ ನಗರವು ಅಷ್ಟಾದಶ ವರ್ಣನೆಗಳಲ್ಲಿ ಒಂದು. ಚಂಪೂಕವಿಗಳು ಕಥಾನಾಯಕನ ಪುರವನ್ನು ವರ್ಣಿಸುವಾಗ ಕೋಟೆ, ಅಗಳು, ಉದ್ಯಾನ, ಉಪ್ಪರಿಗೆ, ಅಂಗಡಿಬೀದಿಗಳನ್ನು ಕ್ರಮವಾಗಿ ಬಣ್ಣಿಸಿ, ಆ ಪುರವು ಅಮರಾವತಿಗೂ ಮಿಗಿಲೆಂದು ಮುಗಿಸುವುದು ವಾಡಿಕೆ. ಪುರದ ಹೆಸರೊಂದನ್ನು ಬದಲಾಯಿಸಿದರೆ ಈ ವರ್ಣನೆಗಳಲ್ಲಿ ಹಲವು ಇನ್ನೊಂದು ಪುರಕ್ಕೂ ಹೊಂದಿಕೊಳ್ಳುತ್ತವೆ. ಇದಕ್ಕೆ ಭಿನ್ನವಾದ ಮತ್ತೊಂದು ಧಾರೆಯೂ ನಮ್ಮಲ್ಲಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’, ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’, ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಮೊದಲಾದವು ಊಟ, ನೀರು, ಬೇಸಾಯ, ಔಷಧಗಳಂತಹ ದಿನಬಳಕೆಯ ಸಂಗತಿಗಳನ್ನು ದಾಖಲಿಸಿವೆ. ಹರಿಹರನು ಕುಂಬಾರ ಗುಂಡಯ್ಯನ ರಗಳೆಯಲ್ಲಿ ಗಡಿಗೆ ತಟ್ಟುವ ಸದ್ದನ್ನೇ ಕಾವ್ಯವಸ್ತುವಾಗಿಸಿಕೊಂಡನು. ಶರಣರ ಹೆಸರುಗಳೇ ಅವರ ಕಾಯಕವನ್ನು ಹೇಳುತ್ತವೆ.

ಮಹಾನಗರದ ನಿತ್ಯಜೀವನವನ್ನು ಛಾಯಾಚಿತ್ರದಲ್ಲಿ ಹಿಡಿಯುವ ಇಂದಿನ ಪ್ರಯತ್ನಗಳಿಗೂ ಇವೇ ಎರಡು ದಾರಿಗಳಿವೆ. ಮಳೆಯಲ್ಲಿ ಕೊಡೆ ಹಿಡಿದವರು, ಸುಕ್ಕುಗಟ್ಟಿದ ಮುಖದ ವೃದ್ಧರು, ಟೈರು ಉರುಳಿಸುವ ಬಾಲಕರು, ಹೊಗೆಯೇಳುವ ಚಹಾ ಅಂಗಡಿ - ಇವು ಛಾಯಾಗ್ರಹಣದ ಕವಿಸಮಯಗಳು. ಢಾಕಾ, ಕೋಲ್ಕತ್ತ, ಪುಣೆ, ಯಾವ ಊರಿನ ಹೆಸರಿಟ್ಟರೂ ಇಂತಹ ಚಿತ್ರ ಸಲ್ಲುತ್ತದೆ. ಒಂದು ಸ್ಥಳಕ್ಕೆ ಮಾತ್ರ ಸಲ್ಲುವ ದಾಖಲೆಯನ್ನು ಕ್ಯಾಮೆರಾದಿಂದ ಹೇಗೆ ಪಡೆಯಬಹುದು ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಇದಕ್ಕೆ ಉದಾಹರಣೆಯಾಗಿ ಪುಣೆಯ ಶಿವಾಜಿನಗರವನ್ನು ತೆಗೆದುಕೊಂಡಿದ್ದೇವೆ.

1. ಸ್ಥಳ

ಶಿವಾಜಿನಗರದ ಹಳೆಯ ಹೆಸರು ಭಾಂಬುರ್ಡೆ. ಮುಠಾ ನದಿಯ ಆಚೆ ದಡದಲ್ಲಿದ್ದ ಈ ಗ್ರಾಮ ಪುಣೆ ನಗರದೊಳಗೆ ಸೇರಿಹೋಗಿದೆ. ಅದರ ಮೂಲ ನೆಲೆಯನ್ನು ಜನ ಇಂದಿಗೂ ‘ಗಾವಠಾಣ’ ಎಂದೇ ಕರೆಯುತ್ತಾರೆ. ಇಲ್ಲಿನ ಜಂಗಲೀ ಮಹಾರಾಜ ರಸ್ತೆಯ ಬದಿಯಲ್ಲಿ ಪಾತಾಳೇಶ್ವರ ಗುಹಾಲಯವಿದೆ. 8ನೆಯ ಶತಮಾನದ, ರಾಷ್ಟ್ರಕೂಟರ ಕಾಲದ ಈ ಶಿವಾಲಯವನ್ನು ನೆಲಮಟ್ಟದಿಂದ ಕೆಳಕ್ಕೆ ಕಪ್ಪು ಬಸಾಲ್ಟ್ ಬಂಡೆಯನ್ನು ಕೊರೆದು ರೂಪಿಸಲಾಗಿದೆ. ಅಂಗಳದ ವೃತ್ತಾಕಾರದ ನಂದಿಮಂಟಪವನ್ನೂ ಅದೇ ಬಂಡೆಯಲ್ಲಿ ಬಿಡಿಸಿದ್ದಾರೆ. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಕ್ರಿ.ಶ. 758 ಮತ್ತು 768ರ ತಾಮ್ರಶಾಸನಗಳಲ್ಲಿ ಈ ಪ್ರದೇಶವು ‘ಪುಣ್ಯವಿಷಯ’, ‘ಪೂನಕ ವಿಷಯ’ ಎಂದು ಉಲ್ಲೇಖಗೊಂಡಿದೆ. ಎಲ್ಲೋರದ ಕೈಲಾಸ ದೇವಾಲಯವನ್ನು ಇದೇ ಅರಸನ ಹೆಸರಿನೊಂದಿಗೆ ಜೋಡಿಸಲಾಗುತ್ತದೆ. ಮುಂದಿನ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ವಿಸ್ತರಿಸಿ ಹೇಳಿದ್ದು ಎಲ್ಲರಿಗೂ ತಿಳಿದ ವಿಷಯ. ಇಂದಿನ ಭಾಷಾಗಡಿಗಳ ವಾದಕ್ಕೆ ಇದನ್ನು ಎಳೆದು ತರುವ ಉದ್ದೇಶ ನಮಗಿಲ್ಲ. ಮರಾಠಿಯ ಹೃದಯಸ್ಥಾನದಂತಿರುವ ಈ ಬಡಾವಣೆಯು ಕನ್ನಡದ ಅಭ್ಯಾಸಿಗೆ ಸಂಪೂರ್ಣ ಅಪರಿಚಿತವಲ್ಲ ಎಂದಷ್ಟೇ ಹೇಳುತ್ತಿದ್ದೇವೆ.

ಆಧುನಿಕ ಕಾಲದ ಪದರಗಳೂ ಇಲ್ಲಿ ಒತ್ತೊತ್ತಾಗಿವೆ. 1854ರಲ್ಲಿ ಆರಂಭವಾದ ಸಂಸ್ಥೆಯಿಂದ ಬೆಳೆದ ಇಂಜಿನಿಯರಿಂಗ್ ಕಾಲೇಜು, 1907ರ ಕೃಷಿ ಕಾಲೇಜು, 1968ರಲ್ಲಿ ತೆರೆದ ಬಾಲಗಂಧರ್ವ ರಂಗಮಂದಿರ, ಜಿಲ್ಲಾ ನ್ಯಾಯಾಲಯ, ಲೋಣಾವಳಾ ಲೋಕಲ್ ರೈಲುಗಳು ನಿಲ್ಲುವ ನಿಲ್ದಾಣ ಎಲ್ಲವೂ ಒಂದೆರಡು ಮೈಲಿಗಳ ಒಳಗಿವೆ. ಹವಾಮಾನ ಇಲಾಖೆಯ ಕೇಂದ್ರ ಕಚೇರಿಯು 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂದುದರಿಂದ ಅದರ ಮುಂದಿನ ಚೌಕ ಇಂದಿಗೂ ‘ಸಿಮ್ಲಾ ಆಫೀಸ್ ಚೌಕ’. ಬಸ್ಸಿನಲ್ಲಿ ಆ ಹೆಸರು ಹೇಳಿ ಇಳಿಯುವವರಲ್ಲಿ ಬಹುಮಂದಿಗೆ ಸಿಮ್ಲಾಕ್ಕೂ ಪುಣೆಗೂ ಏನು ಸಂಬಂಧವೆಂಬುದು ಬೇಕಾಗಿಲ್ಲ. ಆದರೂ ಹೆಸರು ಉಳಿದಿದೆ.

ಹೆಸರು ಉಳಿದಷ್ಟು ಸುಲಭವಾಗಿ ಸ್ಥಳ ಉಳಿಯುವುದಿಲ್ಲ. ಮೆಟ್ರೋ ಕಾಮಗಾರಿಗಾಗಿ ಶಿವಾಜಿನಗರದ ರಾಜ್ಯ ಸಾರಿಗೆ ಬಸ್ ನಿಲ್ದಾಣವು 2019ರ ಕೊನೆಯಲ್ಲಿ ವಾಕಡೇವಾಡಿಗೆ ಸ್ಥಳಾಂತರಗೊಂಡಿತು. ವಿಶ್ವವಿದ್ಯಾಲಯ ಚೌಕದ ಮೇಲ್ಸೇತುವೆಯನ್ನು 2020ರಲ್ಲಿ ಕೆಡವಲಾಯಿತು. 2023ರ ಆಗಸ್ಟ್ 1ರಂದು ಶಿವಾಜಿನಗರದ ನೆಲದಡಿಯ ಮೆಟ್ರೋ ನಿಲ್ದಾಣವೂ, ಎರಡು ಮಾರ್ಗಗಳು ಕೂಡುವ ನ್ಯಾಯಾಲಯ ನಿಲ್ದಾಣವೂ ಸಂಚಾರಕ್ಕೆ ತೆರೆದವು. ನಾಲ್ಕೈದು ವರ್ಷಗಳಲ್ಲಿ ಇಲ್ಲಿನ ಜನ ನಡೆಯುವ ದಾರಿ, ಕಾಯುವ ಜಾಗ, ಚಹಾ ಕುಡಿಯುವ ಮೂಲೆಗಳೆಲ್ಲ ಬದಲಾದವು.

2. ಕ್ಯಾಮೆರಾ ಏನನ್ನು ಕಂಡಿತು

ಭಾರತಕ್ಕೆ ಬಂದ ಕ್ಯಾಮೆರಾ ಮೊದಲು ನಿತ್ಯಜೀವನದ ಕಡೆಗೆ ತಿರುಗಲಿಲ್ಲ. 1854ರಲ್ಲಿ ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘವು ಸ್ಥಾಪನೆಯಾಯಿತು. ಅದೇ ದಶಕದಲ್ಲಿ ಬೇಲೂರು, ಹಳೇಬೀಡುಗಳ ಶಿಲ್ಪವನ್ನು ಲಿನಿಯಸ್ ಟ್ರೈಪ್, ಡಾ. ನೀಲ್ ಮೊದಲಾದವರು ಚಿತ್ರಿಸಿದರು. ಧಾರವಾಡ ಮತ್ತು ಮೈಸೂರು ಪ್ರಾಂತ್ಯಗಳ ವಾಸ್ತುವನ್ನು ಕುರಿತ ಛಾಯಾಚಿತ್ರ ಸಂಪುಟ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಜನರನ್ನು ಚಿತ್ರಿಸಿತಾದರೂ ಅಲ್ಲಿ ಮನುಷ್ಯನು ಜಾತಿ ಅಥವಾ ಬುಡಕಟ್ಟಿನ ಮಾದರಿ ಮಾತ್ರ. ದೇವಾಲಯದ ಚಿತ್ರಗಳಲ್ಲಿ ಒಬ್ಬ ಮನುಷ್ಯ ನಿಂತಿದ್ದರೆ, ಸಾಮಾನ್ಯವಾಗಿ ಅವನು ಕಂಬದ ಎತ್ತರವನ್ನು ತೋರಿಸುವ ಅಳತೆಗೋಲು.

ಇದಕ್ಕೆ ಆಳುವವರ ದೃಷ್ಟಿಯ ಜೊತೆಗೆ ತಂತ್ರದ ಕಾರಣವೂ ಇತ್ತು. 1851ರಲ್ಲಿ ಪ್ರಕಟವಾದ ಆರ್ದ್ರ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕಕ್ಕೆ ಸ್ಥಳದಲ್ಲೇ ರಾಸಾಯನಿಕ ಲೇಪಿಸಿ, ಅದು ಒಣಗುವ ಮುನ್ನ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಬೆಳಕಿಗೆ ಒಡ್ಡುವ ಕಾಲವು ಹಲವು ಕ್ಷಣಗಳಷ್ಟು ದೀರ್ಘ. ಆ ಅವಧಿಯಲ್ಲಿ ನಿಂತ ಕಲ್ಲು ಸ್ಪಷ್ಟವಾಗಿ ಮೂಡುತ್ತದೆ. ನಡೆಯುವ ಮನುಷ್ಯ ಮಸುಕಾಗುತ್ತಾನೆ, ಬೇಗ ಹಾದುಹೋದವನು ಮಾಯವಾಗುತ್ತಾನೆ. ಅಂದಿನ ಎಷ್ಟೋ ಪೇಟೆಬೀದಿಗಳು ಚಿತ್ರದಲ್ಲಿ ನಿರ್ಜನವಾಗಿ ಕಾಣುವುದಕ್ಕೆ ಇದು ಮುಖ್ಯ ಕಾರಣ. ಹಳೆಯ ಚಿತ್ರವನ್ನು ಆಕರವಾಗಿ ಬಳಸುವವರು ಬೀದಿ ನಿಜಕ್ಕೂ ಬರಿದಾಗಿತ್ತೆಂದು ನಿರ್ಣಯಿಸುವ ಮುನ್ನ ಇದನ್ನು ಗಮನಿಸಬೇಕು.

1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾದಂತಹ ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾಗಳಿಂದ ನಡೆಯುವ ಮನುಷ್ಯನು ಚಿತ್ರಕ್ಕೆ ದಕ್ಕಿದನು. ಹಾಂಗ್‌ಕಾಂಗಿನ ಓಣಿಗಳಲ್ಲಿ ಫ್ಯಾನ್ ಹೋ, ಟೋಕಿಯೋದ ಶಿಂಜುಕುವಿನಲ್ಲಿ ಡೈಡೋ ಮೊರಿಯಾಮಾ ತಮ್ಮ ನಗರಗಳ ನಿತ್ಯಜೀವನವನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಮೊದಲನೆಯವರು ಬೆಳಕು ನೆರಳುಗಳ ಶಿಸ್ತಿನಿಂದ, ಎರಡನೆಯವರು ಒರಟು ಕಪ್ಪುಬಿಳುಪಿನಿಂದ ಪ್ರಸಿದ್ಧರು. ಕನ್ನಡ ನಾಡಿನಲ್ಲಿ ಈ ದಾರಿಯ ದೊಡ್ಡ ಹೆಸರು ಮೈಸೂರಿನ ಟಿ.ಎಸ್. ಸತ್ಯನ್ (1923-2009). ಸಾಮಾನ್ಯರ ಬದುಕನ್ನು, ವಿಶೇಷವಾಗಿ ಮಕ್ಕಳನ್ನು ಅವರು ಚಿತ್ರಿಸಿದರು. ಅವರ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಸತ್ಯನ್ನರ ಚಿತ್ರಗಳಲ್ಲಿರುವವರು ಯಾರ ಮಾದರಿಗಳೂ ಅಲ್ಲ. ಅವರವರ ಕೆಲಸದಲ್ಲಿ ತೊಡಗಿದ ವ್ಯಕ್ತಿಗಳು.

3. ಒಂದೇ ಸ್ಥಳದಲ್ಲಿ ನಿಲ್ಲುವುದು

ನಿತ್ಯಜೀವನವೆಂದರೆ ಮರುಕಳಿಸುವ ಜೀವನ. ಮರುಕಳಿಕೆಯನ್ನು ಒಂದು ಚಿತ್ರ ತೋರಿಸಲಾರದು. ಆದ್ದರಿಂದ ಊರೆಲ್ಲ ಸುತ್ತಿ ನೂರು ವಿಷಯಗಳನ್ನು ಹಿಡಿಯುವುದಕ್ಕಿಂತ ಒಂದೇ ಸ್ಥಳದಲ್ಲಿ ಬೇರೆ ಬೇರೆ ಹೊತ್ತುಗಳಲ್ಲಿ, ಬೇರೆ ಬೇರೆ ಋತುಗಳಲ್ಲಿ ನಿಂತು ಚಿತ್ರಿಸುವುದು ಅಧ್ಯಯನಕ್ಕೆ ಹೆಚ್ಚು ಉಪಯುಕ್ತವೆಂದು ನಮ್ಮ ಅಭಿಪ್ರಾಯ. ಶಿವಾಜಿನಗರದ ರೈಲು ನಿಲ್ದಾಣದ ಎದುರು ಬೆಳಗಿನ ಹೊತ್ತು ಡಬ್ಬಿಯ ಚೀಲ ಹಿಡಿದ ನೌಕರರದ್ದಾದರೆ, ಸ್ವಲ್ಪ ಹೊತ್ತು ಕಳೆದ ಮೇಲೆ ನ್ಯಾಯಾಲಯದ ಕಡೆಗೆ ಕಾಗದಪತ್ರಗಳ ಕಟ್ಟಿನೊಡನೆ ಹೊರಟ ಕಕ್ಷಿದಾರರದ್ದು, ಸಂಜೆ ವಿದ್ಯಾರ್ಥಿಗಳದ್ದು. ಪುಣೆಯವರು ‘ಅಮೃತತುಲ್ಯ’ವೆಂದು ಕರೆಯುವ ಚಹಾದ ಅಂಗಡಿಯಲ್ಲಿ ಈ ಮೂರು ವರ್ಗಗಳೂ ಒಂದೇ ಕಟ್ಟೆಯ ಮುಂದೆ ಸರದಿಯಂತೆ ಬಂದು ಹೋಗುತ್ತವೆ. ಕಟ್ಟೆಯು ಸ್ಥಿರವಾಗಿ, ಜನ ಬದಲಾಗುವ ಹತ್ತು ಚಿತ್ರಗಳ ಸರಣಿಯು ಒಂದು ಸುಂದರ ಮುಖದ ಚಿತ್ರಕ್ಕಿಂತ ಹೆಚ್ಚಿನದನ್ನು ತಿಳಿಸುತ್ತದೆ.

ಸ್ಥಳದ ಬೆಳಕನ್ನು ಅರಿಯುವುದೂ ಅಗತ್ಯ. ಪಾತಾಳೇಶ್ವರದ ಅಂಗಳಕ್ಕೆ ಬೆಳಕು ಮೇಲಿನಿಂದ ಮಾತ್ರ ಬೀಳುತ್ತದೆ. ಒಳಗಿನ ಕಂಬಸಾಲು ದಟ್ಟ ನೆರಳಿನಲ್ಲಿರುತ್ತದೆ. ಮಧ್ಯಾಹ್ನ ಅಂಗಳವನ್ನು ಲಕ್ಷ್ಯವಾಗಿಟ್ಟುಕೊಂಡರೆ ಒಳಗೆ ಕುಳಿತ ಭಕ್ತರು ಕಪ್ಪಾಗುತ್ತಾರೆ, ಒಳಗನ್ನು ಲಕ್ಷಿಸಿದರೆ ಅಂಗಳ ಬೆಳ್ಳಗಾಗಿ ಅಳಿಸಿಹೋಗುತ್ತದೆ. ಬೆಳಗಿನ ಅಥವಾ ಮೋಡದ ಹೊತ್ತು ಈ ಅಂತರವನ್ನು ತಗ್ಗಿಸುತ್ತದೆ. ಇಲ್ಲಿಂದ ಸ್ವಲ್ಪ ದೂರದ ನ್ಯಾಯಾಲಯ ಮೆಟ್ರೋ ನಿಲ್ದಾಣವು ಸುಮಾರು 33 ಮೀಟರ್ ಆಳದಲ್ಲಿದ್ದು, ಸೂರ್ಯನ ಬೆಳಕು ಕೆಳಗಿನವರೆಗೆ ಇಳಿಯುವಂತೆ ಅದರ ಛಾವಣಿಯನ್ನು ರಚಿಸಲಾಗಿದೆ. 8ನೆಯ ಶತಮಾನದ ಉಳಿಯೂ 21ನೆಯ ಶತಮಾನದ ಯಂತ್ರವೂ ದಖನ್ನಿನ ಅದೇ ಬಸಾಲ್ಟ್ ಬಂಡೆಯನ್ನು ಕೆಳಕ್ಕೆ ಕೊರೆದು, ಮೇಲಿನಿಂದ ಬೆಳಕನ್ನು ಬರಮಾಡಿಕೊಂಡಿವೆ. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟ ಚಿತ್ರಗಳು ಶಿವಾಜಿನಗರಕ್ಕೆ ಮಾತ್ರ ಸಲ್ಲುತ್ತವೆ.

4. ಚಿತ್ರಕ್ಕೆ ದಕ್ಕದಿರುವುದು

ಅನುಭವದಲ್ಲಿ ಇರುವುದೆಲ್ಲ ಚಿತ್ರದಲ್ಲಿ ಇರುವುದಿಲ್ಲ. ಶಬ್ದ, ವಾಸನೆ, ಸೆಕೆಗಳನ್ನು ಬಿಟ್ಟರೂ ನಮಗೆ ಮುಖ್ಯವಾದ ಒಂದು ಅಂಶ ಚಿತ್ರದಿಂದ ಪೂರ್ಣವಾಗಿ ಜಾರಿಹೋಗುತ್ತದೆ. ಅದು ಭಾಷೆ. ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’, ‘ರೂಪಾಲಿ’ ಉಪಾಹಾರಗೃಹಗಳು ಪುಣೆಯ ಹಲವು ತಲೆಮಾರುಗಳ ವಿದ್ಯಾರ್ಥಿಗಳ ನೆನಪಿನ ಭಾಗ. ಅವುಗಳನ್ನು ಕಟ್ಟಿ ಬೆಳೆಸಿದ ಜಗನ್ನಾಥ ಶೆಟ್ಟರು (ನಿಧನ 2023) ಕರಾವಳಿ ಕರ್ನಾಟಕದಿಂದ ಎಳೆಯ ವಯಸ್ಸಿನಲ್ಲಿ ಪುಣೆಗೆ ಬಂದವರು. ಆರಂಭದಲ್ಲಿ ಈ ಹೋಟೆಲುಗಳ ಹೆಸರಿನಲ್ಲಿದ್ದುದು ‘ಮದ್ರಾಸ್’. ತುಳುನಾಡಿನವರ ಅಡುಗೆಯನ್ನು ಮದ್ರಾಸಿನ ಹೆಸರಿನಲ್ಲಿ ಮರಾಠಿಗರು ಸವಿದರು. ಮೇಜಿನ ಮೇಲಿನ ದೋಸೆಯ ಚಿತ್ರ ಈ ಮೂರು ಸಂಬಂಧಗಳಲ್ಲಿ ಒಂದನ್ನೂ ಹೇಳಲಾರದು.

ಇನ್ನೊಂದು ನಿದರ್ಶನವು ಹೆಚ್ಚು ಗಂಭೀರವಾದುದು. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ, ಕೈಕೊಡದ ವರ್ಷಗಳಲ್ಲಿಯೂ, ಕುಟುಂಬಗಳು ಪುಣೆ, ಮುಂಬಯಿಗಳಿಗೆ ಕಟ್ಟಡ ಕೆಲಸಕ್ಕೆ ದುಡಿಯಲು ಹೋಗುತ್ತವೆ. ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತ ಮಹಿಳೆಯ ಚಿತ್ರವನ್ನು ಪತ್ರಿಕೆಗಳು ‘ಕಾರ್ಮಿಕ ಮಹಿಳೆ’ ಎಂದಷ್ಟೇ ಬರೆದು ಅಚ್ಚುಮಾಡುತ್ತವೆ. ಆಕೆ ಜೊತೆಗಾರ್ತಿಯೊಡನೆ ಆಡುತ್ತಿರುವುದು ಕನ್ನಡವೋ, ತೆಲುಗೋ, ಲಂಬಾಣಿಯೋ ಚಿತ್ರದಲ್ಲಿ ಕಾಣದು. ಕಟ್ಟಡ ಮುಗಿದ ಮೇಲೆ ಅವರು ಅಲ್ಲಿರುವುದಿಲ್ಲ; ಕಟ್ಟಡದ ಶಿಲಾಫಲಕದಲ್ಲಿಯೂ ಇರುವುದಿಲ್ಲ.

ಹಸ್ತಪ್ರತಿಗಳೊಡನೆ ಕೆಲಸ ಮಾಡುವವರಿಗೆ ಪುಷ್ಪಿಕೆಯ ಬೆಲೆ ಗೊತ್ತು. ಓಲೆಗರಿಯ ಕೊನೆಯಲ್ಲಿ ಲಿಪಿಕಾರನ ಹೆಸರು, ಊರು, ಸಂವತ್ಸರ, ಯಾರಿಗಾಗಿ ಬರೆದುದು ಎಂಬ ನಾಲ್ಕು ಸಾಲುಗಳಿದ್ದರೆ ಆ ಪ್ರತಿಯು ಕಾಲದಲ್ಲಿ ನೆಲೆನಿಲ್ಲುತ್ತದೆ. ಇಲ್ಲದಿದ್ದರೆ ಲಿಪಿಯ ತಿರುವುಗಳಿಂದ ಊಹಿಸುತ್ತ ಕೂರಬೇಕು. ಛಾಯಾಚಿತ್ರಕ್ಕೆ ಅದರ ವಿವರಣೆಯೇ ಪುಷ್ಪಿಕೆ. ದೂರವಾಣಿಯೇ ಕ್ಯಾಮೆರಾ ಆಗಿರುವ ಈ ಕಾಲದಲ್ಲಿ ಚಿತ್ರಗಳಿಗೆ ಬರವಿಲ್ಲ. ಪುಷ್ಪಿಕೆಯುಳ್ಳ ಚಿತ್ರಗಳಿಗೆ ಬರವಿದೆ.

5. ಅನುಮತಿ ಮತ್ತು ಮರ್ಯಾದೆ

ಸಾರ್ವಜನಿಕ ಸ್ಥಳದಲ್ಲಿ ಕಣ್ಣಿಗೆ ಬಿದ್ದುದನ್ನೆಲ್ಲ ಚಿತ್ರಿಸುವುದು ಹಕ್ಕೆಂದು ಭಾವಿಸುವವರಿದ್ದಾರೆ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಕಾನೂನಿನ ಸೂಕ್ಷ್ಮಗಳು ಏನೇ ಇರಲಿ, ಅಧ್ಯಯನಕಾರನ ಹೊಣೆ ಅದಕ್ಕಿಂತ ಹಿಂದೆ ಆರಂಭವಾಗುತ್ತದೆ. ಬೀದಿಯಲ್ಲಿ ಸ್ನಾನ ಮಾಡುವವರು, ನಿಲ್ದಾಣದಲ್ಲಿ ಮಲಗಿದವರು ಬೀದಿಗೆ ಬಂದುದು ತಮ್ಮನ್ನು ಪ್ರದರ್ಶಿಸಿಕೊಳ್ಳಲೆಂದು ಅಲ್ಲ, ಮನೆಯಿಲ್ಲದ ಕಾರಣಕ್ಕೆ. ಅವರ ಮಾತೃಭಾಷೆಯಲ್ಲಿ ‘ಅಕ್ಕಾ, ಒಂದು ಫೋಟೋ ತೆಗೀಲೇನ್ರಿ?’ ಎಂದು ಕೇಳಿದರೆ ಅನುಮತಿಯ ಜೊತೆಗೆ ಊರು, ಕೆಲಸ, ಬಂದ ವರ್ಷಗಳ ವಿವರವೂ ಹೆಚ್ಚಾಗಿ ದೊರೆಯುತ್ತದೆ. ಬೇಡವೆಂದರೆ ಅಲ್ಲಿಗೆ ನಿಲ್ಲಿಸಬೇಕು. ಕೇಳಿ ತೆಗೆದ ಚಿತ್ರದಲ್ಲಿ ಸಹಜತೆ ಇರದೆಂಬ ಆಕ್ಷೇಪವಿದೆ. ಕೆಲಸದ ಮಧ್ಯೆ ಅರ್ಧ ಗಂಟೆ ಜೊತೆಗಿದ್ದರೆ ಜನ ಕ್ಯಾಮೆರಾವನ್ನು ಮರೆತು ಕೆಲಸಕ್ಕೆ ಮರಳುತ್ತಾರೆ. ಸಹಜತೆಗೆ ಬೇಕಾದುದು ಆ ಅರ್ಧ ಗಂಟೆ.

6. ಉಪಸಂಹಾರ

1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿ ಪುಣೆಯೊಳಗೆ ನುಗ್ಗಿತು. ಆ ಪ್ರಳಯದ ಚಿತ್ರಗಳನ್ನು ಜನ ಜೋಪಾನ ಮಾಡಿದ್ದಾರೆ. ಕೊಚ್ಚಿಹೋದ ಮನೆಗಳಲ್ಲಿ ಅದರ ಹಿಂದಿನ ದಿನ ಒಲೆ ಎಲ್ಲಿತ್ತು, ನೀರಿನ ಹಂಡೆ ಎಲ್ಲಿತ್ತು ಎಂಬುದನ್ನು ಚಿತ್ರಿಸಿದವರು ವಿರಳ. ಶಿವಾಜಿನಗರದ ಬಸ್ ನಿಲ್ದಾಣ, ಮೇಲ್ಸೇತುವೆಗಳ ವಿಷಯದಲ್ಲಿಯೂ ಹೀಗೆಯೇ ಆಗಬಾರದಾಗಿತ್ತು. ಕೆಡವುವ ದಿನ ನೆರೆಯುವ ಕ್ಯಾಮೆರಾಗಳು ಅದಕ್ಕೂ ಮೊದಲಿನ ಸಾಧಾರಣ ದಿನಗಳಲ್ಲಿ ಬೇಕಾಗಿದ್ದವು.

ಹೊರನಾಡಿನ ಕನ್ನಡವನ್ನು ಕುರಿತ ಅಧ್ಯಯನಗಳು ಸಂಘಗಳು, ಶಾಲೆಗಳು, ಸಾಹಿತಿಗಳು, ಸಂಗೀತಗಾರರನ್ನು ಕುರಿತು ಸಾಕಷ್ಟು ಬರೆದಿವೆ. ಪುಣೆಯೆಂದರೆ ಗದುಗಿನ ಭೀಮಸೇನ ಜೋಶಿಯವರ ಕರ್ಮಭೂಮಿಯೆಂದು ನಾವು ಹೆಮ್ಮೆಪಡುವುದು ಉಚಿತವೇ. ಆ ನಗರದ ಗಾರೆ ಕಲಸಿದ, ದೋಸೆ ಹುಯ್ದ, ನೆಲ ಅಗೆದ ಕನ್ನಡಿಗರ ದಾಖಲೆಯನ್ನೂ ನಮ್ಮ ವಿಭಾಗಗಳು ಕೈಗೆತ್ತಿಕೊಳ್ಳಬೇಕಾಗಿದೆ. ಇದಕ್ಕೆ ದೊಡ್ಡ ವೆಚ್ಚ ಬೇಡ. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ತಮ್ಮ ಊರಿನಿಂದ ದುಡಿಯಲು ಹೋದ ಒಂದು ಕುಟುಂಬವನ್ನು ಆರಿಸಿಕೊಂಡು, ಅವರ ಒಪ್ಪಿಗೆಯಿಂದ ವರ್ಷದಲ್ಲಿ ನಾಲ್ಕು ಬಾರಿ ಭೇಟಿ ನೀಡಿ, ಪ್ರತಿ ಚಿತ್ರದ ಜೊತೆಗೆ ದಿನಾಂಕ, ಸ್ಥಳ, ಕೆಲಸ, ಆಡಿದ ಭಾಷೆ, ಅನುಮತಿಯ ಷರತ್ತು ಇವಿಷ್ಟನ್ನು ಬರೆದಿಟ್ಟರೆ ಸಾಕು. ಚಿತ್ರದ ಒಂದು ಪ್ರತಿಯನ್ನು ಆ ಕುಟುಂಬಕ್ಕೆ ಕೊಡುವುದು ಕೆಲಸದ ಭಾಗವೆಂದು ತಿಳಿಯಬೇಕು. ಮುಂದಿನ ಸಂಶೋಧಕರ ಕೈಗೆ ಆ ಪ್ರತಿಯೇ ಮೊದಲು ಸಿಗುವ ಸಂಭವವೂ ಇದೆ.