ಚಂದಾಪುರದಿಂದ ದೇವನಹಳ್ಳಿ ಎಷ್ಟು ದೂರ?

ನಕ್ಷೆ ಬಿಡಿಸಿ ಕುಳಿತರೆ ಒಂದು ಸೋಜಿಗ ಕಣ್ಣಿಗೆ ಬೀಳುತ್ತದೆ. ಕಲಬುರಗಿಯ ವಿಮಾನ ನಿಲ್ದಾಣ ಮತ್ತು ಹೈದರಾಬಾದಿನ ಶಂಷಾಬಾದ್ ನಿಲ್ದಾಣ ಹೆಚ್ಚೂಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಇವೆರಡರ ನಡುವಿನಿಂದ ನೇರ ದಕ್ಷಿಣಕ್ಕೆ ಗೆರೆ ಎಳೆದರೆ ಅದು ಬೆಂಗಳೂರಿನ ದೇವನಹಳ್ಳಿಯ ಹತ್ತಿರ ಹೋಗಿ ಮುಟ್ಟುತ್ತದೆ. ಕಲಬುರಗಿಯಿಂದ ದೇವನಹಳ್ಳಿಗೆ ಆಕಾಶಮಾರ್ಗದಲ್ಲಿ ಸುಮಾರು 464 ಕಿ.ಮೀ.; ಶಂಷಾಬಾದಿನಿಂದ ಸುಮಾರು 456. ಎರಡಕ್ಕೂ ವ್ಯತ್ಯಾಸವೇ ಇಲ್ಲವೆನ್ನಬೇಕು.

ಚಿಂಚೋಳಿಯ ಜೋಡಿ ಊರಾದ ಚಂದಾಪುರ ಇರುವುದು ಈ ಎರಡು ನಿಲ್ದಾಣಗಳ ನಡುವೆ. ಇಲ್ಲಿಂದ ಬೆಂಗಳೂರಿಗೆ ಹೊರಡುವವರು ಯಾವ ನಿಲ್ದಾಣಕ್ಕೆ ಹೋಗಬೇಕು?

ಮೊದಲು ಈ ಕಿಲೋಮೀಟರಿನ ಲೆಕ್ಕ ನೋಡಿ. ವಿಮಾನದ ದೂರವನ್ನು ರಸ್ತೆಯ ಹಾಗೆ ಅಳೆಯುವುದಿಲ್ಲ. ಭೂಮಿಯ ಉಬ್ಬಿದ ಮೈಮೇಲೆ ಎರಡು ನಿಲ್ದಾಣಗಳ ನಡುವೆ ದಾರ ಬಿಗಿದರೆ ಬರುವ ಅತಿ ಕಡಿಮೆ ಅಂತರವೇ ಆ ಅಂಕಿ. ವಿಮಾನ ಈ ದಾರದ ಮೇಲೆಯೇ ಹಾರುತ್ತದೆಂದು ತಿಳಿಯಬೇಡಿ. ರನ್‌ವೇ ಇರುವ ದಿಕ್ಕಿಗೆ ಏರಿ, ತಿರುಗಿ, ನಿಗದಿಯಾದ ವಾಯುಮಾರ್ಗ ಹಿಡಿದು, ಇಳಿಯುವಾಗ ಸರದಿಗೆ ಕಾಯುತ್ತದೆ. ಗಾಳಿ ಎದುರಾದರೆ ಇನ್ನಷ್ಟು ಹೊತ್ತು.

ಆದ್ದರಿಂದಲೇ ವೇಳಾಪಟ್ಟಿಯ ಸಮಯ ಬೇರೆ, ಗಣಿತದ ಸಮಯ ಬೇರೆ. ಸ್ಟಾರ್ ಏರ್ ಕಲಬುರಗಿಗೆ ಹಾರಿಸಿದ ಐವತ್ತು ಸೀಟಿನ ಎಂಬ್ರೇಯರ್ ಜೆಟ್ ಮೇಲೇರಿದ ಮೇಲೆ ಗಂಟೆಗೆ 800 ಕಿ.ಮೀ. ವೇಗ ಮುಟ್ಟಬಲ್ಲದು. ಆ ಲೆಕ್ಕದಲ್ಲಿ 464 ಕಿ.ಮೀ.ಗೆ 35 ನಿಮಿಷ ಸಾಕು. ಆದರೆ ಪ್ರಯಾಣಕ್ಕೆ ಹಿಡಿಯುತ್ತಿದ್ದುದು ಒಂದು ತಾಸಿನ ಮೇಲೆ. ನಿಂತ ಜಾಗದಿಂದ ಹೊರಟು ಮತ್ತೆ ನಿಲ್ಲುವವರೆಗಿನ ಹೊತ್ತೆಲ್ಲ ಅದರಲ್ಲಿ ಸೇರಿರುತ್ತದೆ. 500 ಕಿ.ಮೀ. ವೇಗದ ಎಟಿಆರ್ ವಿಮಾನಕ್ಕೆ ಇನ್ನೂ ಹೆಚ್ಚು ಬೇಕು.

ಇನ್ನು ನೆಲದ ಮಾತು. ಚಂದಾಪುರದಿಂದ ಕಲಬುರಗಿ ನಿಲ್ದಾಣ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 55 ಕಿ.ಮೀ., ಶಂಷಾಬಾದ್ ಅದರ ಇಮ್ಮಡಿ. ರಸ್ತೆಯಲ್ಲಿ ಎರಡೂ ಇನ್ನಷ್ಟು ಉದ್ದ. ಸೇಡಂ ರಸ್ತೆಯ ಶ್ರೀನಿವಾಸ ಸರಡಗಿಯ ನಿಲ್ದಾಣಕ್ಕೆ ಎರಡು ತಾಸು, ಅಲ್ಲಿ ತಪಾಸಣೆಗೆಂದು ಒಂದು ತಾಸು, ಹಾರಾಟ ಒಂದು ತಾಸಿನ ಮೇಲೆ, ದೇವನಹಳ್ಳಿಯಿಂದ ಬೆಂಗಳೂರಿನೊಳಗೆ ಒಂದೂವರೆ ತಾಸು. ಒಟ್ಟು ಆರು ತಾಸು. ಅದರಲ್ಲಿ ಆಕಾಶದ ಪಾಲು ಐದರಲ್ಲಿ ಒಂದು. ಆದರೂ ರೈಲಿನಲ್ಲೋ ಬಸ್ಸಿನಲ್ಲೋ ರಾತ್ರಿಯಿಡೀ ಕುಳಿತು ಹೋಗಲಾರದ ರೋಗಿಗೆ ಈ ಆರು ತಾಸು ದೊಡ್ಡ ಉಪಕಾರವೇ.

ಈ ಉಪಕಾರ ಸುಲಭದಲ್ಲಿ ದಕ್ಕಿದ್ದಲ್ಲ. 2008ರಲ್ಲಿ ಅಡಿಗಲ್ಲು ಬಿದ್ದ ಕಲಬುರಗಿ ನಿಲ್ದಾಣದಿಂದ ಪ್ರಯಾಣಿಕರ ವಿಮಾನ ಹಾರಿದ್ದು 2019ರ ನವೆಂಬರ್ 22ರಂದು. ಅದೇ 2008ರಲ್ಲಿ ಶಂಷಾಬಾದ್, ದೇವನಹಳ್ಳಿ ಎರಡೂ ಕೆಲಸ ಶುರುಮಾಡಿಬಿಟ್ಟಿದ್ದವು! 2014ರಲ್ಲಿ ಊರಿನ ಹೆಸರು ಕಲಬುರಗಿ ಎಂದಾದರೂ ನಿಲ್ದಾಣದ ಸಂಕೇತ ಮಾತ್ರ ಗುಲ್ಬರ್ಗಾ ನೆನಪಿನ ‘ಜಿಬಿಐ’.

ಸಣ್ಣ ಊರುಗಳ ಹಾರಾಟಕ್ಕೆ ಕೇಂದ್ರದ ಉಡಾನ್ ಯೋಜನೆ ಕೊಡುವ ನೆರವು ಒಂದು ಮಾರ್ಗಕ್ಕೆ ಮೂರು ವರ್ಷ. ಆಮೇಲೆ ಸೀಟು ತುಂಬಬೇಕು, ಖರ್ಚು ಹುಟ್ಟಬೇಕು. 2025ರ ಅಕ್ಟೋಬರಿನಲ್ಲಿ ಕಲಬುರಗಿಯ ಬೆಂಗಳೂರು ವಿಮಾನ ನಿಂತಿತು. ನಿಲ್ದಾಣಗಳ ನಡುವಿನ 464 ಕಿ.ಮೀ. ಒಂದಿಷ್ಟೂ ಹೆಚ್ಚಲಿಲ್ಲ. ಆದರೆ ಬೆಂಗಳೂರಿಗೆ ಹಾರಬೇಕಾದ ಚಂದಾಪುರದವರು ಬೆನ್ನು ತಿರುಗಿಸಿ, ಇಮ್ಮಡಿ ದೂರದ ಶಂಷಾಬಾದಿನ ದಾರಿ ಹಿಡಿಯಬೇಕಾಯಿತು.