ಮಿದುಳಿನಿಂದ ಸಾಕ್ಷಿ ಹೇಳಿಸಬಹುದೇ?

ಕುರ್ಚಿಯಲ್ಲಿ ಕೂತವರ ತಲೆಗೆ ಬಿಗಿಯಾದ ಟೋಪಿ ತೊಡಿಸುತ್ತಾರೆ. ಅದರೊಳಗೆ ಮೂವತ್ತರಷ್ಟು ಪುಟ್ಟ ಎಲೆಕ್ಟ್ರೋಡ್‌ಗಳು. ನೆತ್ತಿಯ ಚರ್ಮಕ್ಕೆ ಅವು ಚೆನ್ನಾಗಿ ಹತ್ತಿಕೊಳ್ಳಲೆಂದು ನಡುವೆ ಜೆಲ್. ಕಣ್ಣು ಮುಚ್ಚಿ, ಮಾತಾಡಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ ಅನ್ನುತ್ತಾರೆ. ಮೊದಲೇ ಧ್ವನಿಮುದ್ರಿಸಿಟ್ಟ ವಾಕ್ಯಗಳು ಒಂದೊಂದಾಗಿ ಬರುತ್ತವೆ. ‘ನಾನು ಮನೆಯಿಂದ ಹೊರಟೆ’, ‘ನಾನು ವಿಷ ಕೊಂಡೆ’, ‘ನಾನು ಅದನ್ನು ಪ್ರಸಾದದಲ್ಲಿ ಬೆರೆಸಿದೆ’, ಹೀಗೆ. ಕೇಳುವವರು ಹೌದು ಅನ್ನಬೇಕಾಗಿಲ್ಲ, ಅಲ್ಲ ಅನ್ನಬೇಕಾಗಿಲ್ಲ. ಮಿದುಳಿನ ವಿದ್ಯುತ್ ಅಲೆಗಳನ್ನು ಕಂಪ್ಯೂಟರು ದಾಖಲಿಸಿಕೊಂಡು, ಯಾವ ವಾಕ್ಯ ಇವರು ಬರೀ ಕೇಳಿ ತಿಳಿದದ್ದು, ಯಾವುದು ಸ್ವತಃ ಮಾಡಿ ಅನುಭವಿಸಿದ್ದು ಎಂದು ಬೇರ್ಪಡಿಸಿ ಹೇಳುತ್ತದೆ. ಯಂತ್ರದ ಪರವಾಗಿ ಮಾಡುವ ವಾದ ಇದು.

ಬಿಯೋಸ್ ಎಂಬ ಈ ವಿಧಾನ ಹೊರಗಿನಿಂದ ಬಂದದ್ದಲ್ಲ. ಇದನ್ನು ರೂಪಿಸಿದವರು ಚಂಪಾಡಿ ರಾಮನ್ ಮುಕುಂದನ್, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದವರು. ಗುಜರಾತ್, ಮಹಾರಾಷ್ಟ್ರಗಳ ವಿಧಿವಿಜ್ಞಾನ ಪ್ರಯೋಗಾಲಯಗಳು ಅದನ್ನು ತನಿಖೆಗೆ ಬಳಸಿದವು. 2008ರ ಜೂನ್‌ನಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯ ಒಬ್ಬ ಎಂಬಿಎ ವಿದ್ಯಾರ್ಥಿನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮಾಜಿ ಪ್ರಿಯಕರನಿಗೆ ಆರ್ಸೆನಿಕ್ ಬೆರೆಸಿದ ಪ್ರಸಾದ ಕೊಟ್ಟು ಕೊಂದಳೆಂಬುದು ಆರೋಪ. ಮುಂಬಯಿಯಲ್ಲಿ ನಡೆದ ಬಿಯೋಸ್ ಪರೀಕ್ಷೆಯ ವರದಿಗೆ ಆ ತೀರ್ಪಿನಲ್ಲಿ ದೊಡ್ಡ ತೂಕ ಸಿಕ್ಕಿತು. ಜಗತ್ತಿನ ನರವಿಜ್ಞಾನಿಗಳು ಬೆಚ್ಚಿಬಿದ್ದರು. ಮುಂದೆ ಹೈಕೋರ್ಟು ಆಕೆಗೆ ಜಾಮೀನು ಕೊಟ್ಟಿತು. ತೀರ್ಪು ಬಂದ ವರ್ಷವೇ, ನಿಮ್ಹಾನ್ಸ್‌ನ ಆಗಿನ ನಿರ್ದೇಶಕ ಡಾ. ಡಿ. ನಾಗರಾಜ ಅವರ ನೇತೃತ್ವದ ತಜ್ಞರ ಸಮಿತಿ ಈ ಬ್ರೈನ್ ಮ್ಯಾಪಿಂಗ್ ಪರೀಕ್ಷೆಗಳಿಗೆ ವೈಜ್ಞಾನಿಕ ಆಧಾರ ಸಾಲದು, ಇವನ್ನು ಸಾಕ್ಷ್ಯವಾಗಿ ಬಳಸುವುದು ನಿಲ್ಲಬೇಕು ಎಂದಿತು. ಒಂದೇ ಸಂಸ್ಥೆಯ ನಂಟಿದ್ದವರಿಂದ ವಿಧಾನವೂ ಬಂತು, ಅದರ ಮೇಲಿನ ಕಟುವಾದ ಪರಿಶೀಲನೆಯೂ ಬಂತು. ಇದನ್ನು ನಾನು ನಮ್ಮ ವಿಜ್ಞಾನದ ಆರೋಗ್ಯದ ಲಕ್ಷಣವೆಂದೇ ತಿಳಿಯುತ್ತೇನೆ.

ನಾಗಪುರದವರಿಗೆ ಇದು ದೂರದ ಊರಿನ ಮಾತಲ್ಲ. ಮಹಾರಾಷ್ಟ್ರದ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲೊಂದು ಇಲ್ಲಿದೆ. ವಿದರ್ಭದ ಅಪರಾಧ ಪ್ರಕರಣಗಳ ಮೇಲ್ಮನವಿ ಕೇಳುವ ಬಾಂಬೆ ಹೈಕೋರ್ಟಿನ ಪೀಠವೂ ಇಲ್ಲೇ ಇದೆ. ನಕಲಿ ಛಾಪಾಕಾಗದ ಹಗರಣ, ಅಂದರೆ ಖಾನಾಪುರದ ತೆಲಗಿಯ ಹೆಸರಿನಿಂದ ನಮಗೆಲ್ಲ ಪರಿಚಿತವಾದ ಆ ಪ್ರಕರಣ, ಬಾಂಬೆ ಹೈಕೋರ್ಟಿಗೆ ಹೋದಾಗ 2004ರಲ್ಲಿ ಅದು ಇಂಥ ಪರೀಕ್ಷೆಗಳಿಗೆ ಅಡ್ಡಿಯಿಲ್ಲ ಎಂದಿತ್ತು.

ಯಂತ್ರ ನಿಜಕ್ಕೂ ಏನನ್ನು ಅಳೆಯುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು. ನರಕೋಶಗಳು ಒಟ್ಟಾಗಿ ಕೆಲಸ ಮಾಡಿದಾಗ ಏಳುವ ವಿದ್ಯುತ್ತು ತಲೆಬುರುಡೆ ದಾಟಿ ಚರ್ಮಕ್ಕೆ ಬರುವಷ್ಟರಲ್ಲಿ ಕೆಲವೇ ಮೈಕ್ರೋವೋಲ್ಟ್‌ಗಳಷ್ಟು ಉಳಿದಿರುತ್ತದೆ. ಕಣ್ಣು ಮಿಟುಕಿಸಿದರೆ ಸಾಕು, ಅದಕ್ಕಿಂತ ದೊಡ್ಡ ಅಲೆ ಏಳುತ್ತದೆ. ಪರಿಚಿತವಾದದ್ದು, ಮಹತ್ವದ್ದು ಎದುರಾದಾಗ ಸುಮಾರು 300 ಮಿಲಿಸೆಕೆಂಡಿಗೆ ಒಂದು ಉಬ್ಬು ಕಾಣುತ್ತದೆ. 1965ರಲ್ಲಿ ಸ್ಯಾಮ್ಯುಯೆಲ್ ಸಟನ್ ತಂಡ ಗುರುತಿಸಿದ ಈ ಉಬ್ಬಿಗೆ ಪಿ300 ಎಂದು ಹೆಸರು. ಅಮೆರಿಕದ ಲಾರೆನ್ಸ್ ಫಾರ್ವೆಲ್ ಅದರ ಮೇಲೆಯೇ ‘ಬ್ರೈನ್ ಫಿಂಗರ್‌ಪ್ರಿಂಟಿಂಗ್’ ಎಂಬ ಪರೀಕ್ಷೆಯನ್ನು ಕಟ್ಟಿದರು. ಆದರೆ ಈ ಉಬ್ಬು ಹೇಳುವುದು ‘ಇದು ನನಗೆ ಗೊತ್ತು’ ಎಂದಷ್ಟೇ. ಹೇಗೆ ಗೊತ್ತಾಯಿತು ಎಂದು ಅದು ಹೇಳುವುದಿಲ್ಲ.

ಠಾಣೆಯಲ್ಲಿ ದಿನಗಟ್ಟಲೆ ವಿಚಾರಣೆಗೊಳಗಾದವರಿಗೆ ಆರ್ಸೆನಿಕ್ಕೂ ಗೊತ್ತು, ಪ್ರಸಾದವೂ ಗೊತ್ತು. ಪೊಲೀಸರೇ ಹತ್ತಾರು ಸಲ ಹೇಳಿರುತ್ತಾರೆ, ಪತ್ರಿಕೆಗಳು ಬರೆದಿರುತ್ತವೆ. ಕೇಳಿದ್ದಕ್ಕೂ ಅನುಭವಿಸಿದ್ದಕ್ಕೂ ಮಿದುಳಿನಲ್ಲಿ ಬೇರೆ ಬೇರೆ ಗುರುತುಗಳಿವೆ ಎಂಬುದು ಬಿಯೋಸ್‌ನ ನಂಬಿಕೆ. ನೆನಪಿನ ಸ್ವಭಾವವೇ ಅದಕ್ಕೆ ಎದುರಾಗಿ ನಿಲ್ಲುತ್ತದೆ. ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 24 ಮಂದಿಗೆ ‘ಚಿಕ್ಕವರಿದ್ದಾಗ ನೀವು ಮಾಲ್‌ನಲ್ಲಿ ಕಳೆದುಹೋಗಿದ್ದಿರಿ’ ಎಂಬ ಕಟ್ಟುಕತೆಯನ್ನು ನಿಜದ ಘಟನೆಗಳ ನಡುವೆ ಸೇರಿಸಿ ಹೇಳಿದರು. ಕಾಲುಭಾಗ ಜನ ಅದು ತಮಗೆ ಆದದ್ದೇ ಎಂದು, ಪೂರ್ತಿಯಾಗಿಯೋ ಸ್ವಲ್ಪವೋ, ನೆನಪಿಸಿಕೊಂಡರು. ಅವರಾರೂ ಸುಳ್ಳು ಹೇಳುತ್ತಿರಲಿಲ್ಲ.

ಇನ್ನೊಂದು ಯಂತ್ರ ಎಫ್‌ಎಂಆರ್‌ಐ. ಮಿದುಳಿನ ಯಾವ ಭಾಗ ಹೆಚ್ಚು ದುಡಿಯುತ್ತದೋ ಅಲ್ಲಿಗೆ ಆಮ್ಲಜನಕವಿರುವ ರಕ್ತ ಹೆಚ್ಚಾಗಿ ನುಗ್ಗುತ್ತದೆ. ಅದರಿಂದಾಗುವ ಕಾಂತೀಯ ವ್ಯತ್ಯಾಸವನ್ನು ಯಂತ್ರ ಹಿಡಿಯುತ್ತದೆ. ಸುಳ್ಳು ಹೇಳುವಾಗ ಹಣೆಯ ಹಿಂಭಾಗದ ಕೆಲವು ಜಾಗಗಳು ಚುರುಕಾಗುತ್ತವೆ ಎಂದು 2002ರ ಸುಮಾರಿಗೆ ಡೇನಿಯಲ್ ಲ್ಯಾಂಗ್ಲೆಬೆನ್ ಮತ್ತಿತರರು ತೋರಿಸಿದರು. ನಿಜ. ಆದರೆ ಮನಸ್ಸಿನಲ್ಲೇ ಲೆಕ್ಕ ಮಾಡುವಾಗ, ಬಾಯಿಗೆ ಬಂದದ್ದನ್ನು ತಡೆದುಕೊಳ್ಳುವಾಗ, ಹೆದರಿ ಎಚ್ಚರದಿಂದ ಉತ್ತರಿಸುವಾಗಲೂ ಅವೇ ಜಾಗಗಳು ಚುರುಕಾಗುತ್ತವೆ. ಮೈಮೇಲೆ ಕೊಲೆ ಆರೋಪ ಹೊತ್ತ ನಿರಪರಾಧಿ ಪ್ರತಿ ಮಾತನ್ನೂ ಅಳೆದು ತೂಗಿಯೇ ಆಡುತ್ತಾನಲ್ಲವೇ?

ಯಂತ್ರವನ್ನು ಯಾಮಾರಿಸುವುದೂ ಸುಲಭ. ಜಾರ್ಜಿಯೊ ಗಾನಿಸ್ ತಂಡದ 2011ರ ಪ್ರಯೋಗದಲ್ಲಿ ಜನ ತಮ್ಮ ಜನ್ಮದಿನಾಂಕ ಮುಚ್ಚಿಡಬೇಕಿತ್ತು. ಸ್ಕ್ಯಾನರ್ ಎಲ್ಲರನ್ನೂ ಹಿಡಿಯಿತು. ಆಮೇಲೆ, ಸಂಬಂಧವಿಲ್ಲದ ಕೆಲವು ದಿನಾಂಕಗಳು ಪರದೆಗೆ ಬಂದಾಗ ಯಾರಿಗೂ ಕಾಣದಂತೆ ಎಡಗೈ ಬೆರಳನ್ನೋ ಎಡಗಾಲಿನ ಬೆರಳನ್ನೋ ಅಲ್ಲಾಡಿಸಿ ಎಂದು ಹೇಳಿಕೊಟ್ಟರು. ನಿಖರತೆ ಶೇ 100ರಿಂದ 33ಕ್ಕೆ ಇಳಿಯಿತು. 2010ರಲ್ಲಿ ಅಮೆರಿಕದ ಟೆನೆಸ್ಸಿಯ ಫೆಡರಲ್ ನ್ಯಾಯಾಲಯವೊಂದು ಇಂಥ ಸ್ಕ್ಯಾನ್ ವರದಿಯನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ.

ಯಂತ್ರ ನೂರಕ್ಕೆ ತೊಂಬತ್ತು ಸರಿ ಎಂದೇ ಇಟ್ಟುಕೊಳ್ಳೋಣ. ಸಾವಿರ ಜನರಲ್ಲಿ ಹತ್ತು ಮಂದಿ ಮಾತ್ರ ಸುಳ್ಳುಗಾರರು ಎನ್ನೋಣ. ಹತ್ತರಲ್ಲಿ ಒಂಬತ್ತು ಮಂದಿ ಸಿಕ್ಕಿಬೀಳುತ್ತಾರೆ. ಉಳಿದ 990 ಸತ್ಯವಂತರಲ್ಲಿ 99 ಮಂದಿಗೂ ಯಂತ್ರ ‘ಸುಳ್ಳು’ ಎಂದೇ ಹೇಳುತ್ತದೆ. ಅಂದರೆ ಅದು ಬೆರಳು ತೋರಿಸಿದ 108 ಮಂದಿಯಲ್ಲಿ 99 ನಿರಪರಾಧಿಗಳು. ನನಗೆ ನಿದ್ದೆಗೆಡಿಸುವುದು ಈ ಲೆಕ್ಕ. ವರದಿಯ ಮೇಲೆ ವಿಜ್ಞಾನದ ಮೊಹರು ಬಿದ್ದ ಮೇಲೆ ಆ 99ರಲ್ಲಿ ಒಬ್ಬ ಬಡ ಕೂಲಿಯವನಿದ್ದರೆ ಅವನ ಪರವಾಗಿ ಅಲೆಗಳ ಗಣಿತವನ್ನು ಪ್ರಶ್ನಿಸಲು ಯಾರಿದ್ದಾರೆ?

ಈ ಪ್ರಶ್ನೆಗೆ ಕಾನೂನಿನ ಕಡೆಯಿಂದ ಉತ್ತರ ಬಂದದ್ದು ಬೆಂಗಳೂರಿನ ಪ್ರಕರಣವೊಂದರಿಂದ. 2010ರ ಮೇ 5ರಂದು, ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ, ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮೂರನ್ನೂ ಬಲವಂತವಾಗಿ ಮಾಡುವಂತಿಲ್ಲ ಎಂದಿತು. ಬಾಯಿ ತೆರೆಯದಿದ್ದರೂ ಮಿದುಳಿನಿಂದ ಉತ್ತರ ಕಸಿದುಕೊಂಡರೆ ಅದೂ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತೆ. ಸಂವಿಧಾನದ 20(3)ನೇ ವಿಧಿ ಅದನ್ನು ತಡೆಯುತ್ತದೆ. ಬಾಂಬೆ ಹೈಕೋರ್ಟಿನ ಹಳೆಯ ನಿಲುವು ಅಲ್ಲಿಗೆ ಬಿದ್ದುಹೋಯಿತು. 2025ರ ಜೂನ್‌ನಲ್ಲಿ ಬಿಹಾರದ ಅಮಲೇಶ್ ಕುಮಾರ್ ಪ್ರಕರಣದಲ್ಲಿ ಮಂಪರು ಪರೀಕ್ಷೆಯ ಬಗ್ಗೆ ಸುಪ್ರೀಂ ಕೋರ್ಟ್ ಅದನ್ನೇ ಮತ್ತೆ ಹೇಳಿತು.

ಹಾಗಾಗಿ ಇಂದು ನಾಗಪುರದಲ್ಲಾಗಲಿ ಕಲಬುರಗಿಯಲ್ಲಾಗಲಿ ಪೊಲೀಸರು ಯಾರನ್ನಾದರೂ ಬ್ರೈನ್ ಮ್ಯಾಪಿಂಗ್‌ಗೆ ಕರೆದರೆ, ಒಲ್ಲೆ ಎನ್ನುವ ಹಕ್ಕು ಅವರಿಗಿದೆ. ಒಪ್ಪುವುದಾದರೆ ಮೊದಲು ವಕೀಲರ ಸಲಹೆ ಸಿಗಬೇಕು, ಒಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು. ಆಗಲೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ. ಅದರ ಸುಳಿವು ಹಿಡಿದು ಹೋಗಿ ಚಾಕುವೋ ಬಟ್ಟೆಯೋ ವಿಷದ ಬಾಟಲಿಯೋ ಸಿಕ್ಕರೆ, ಹಾಗೆ ಸಿಕ್ಕ ವಸ್ತುವನ್ನಷ್ಟೇ ನ್ಯಾಯಾಲಯದ ಮುಂದಿಡಬಹುದು.